ಹೊಳಪು ಬಂದ ತೋಟೆಗಳು

ಇವತ್ತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಕುಂದಾಪುರದ ನಮ್ಮ ಹಳೆಯ ಚಾವಡಿ ನೆನಪಾಯಿತು. ಯಜಮಾನರು ಮೊಣಕಾಲ ಮೇಲೆ ರೈಫಲ್ ಮಲಗಿಸಿಕೊಂಡು ಒರೆಸುತ್ತಿದ್ದ ಚಾವಡಿ. ನಿಮ್ಮ ಮನೆಯ ಗಂಡಸರಿಗೆ ಇಸ್ಪೀಟಿನ ಹುಚ್ಚಿದ್ದಿರಬಹುದು. ನಮ್ಮವರದು ಗುರಿಯ ಹುಚ್ಚು.

ಯುದ್ಧ ಮುಗಿದ ಮಾರನೆಯ ವರ್ಷ. ದಸರೆ ಕಳೆದ ಭಾನುವಾರ ತ್ರಾಸಿಯ ಕಡಲತೀರದ ಮರಳಿನಲ್ಲಿ ಮುನ್ನೂರು ಗಜದ ಗುರಿ ಹೊಡೆಯುವ ಪಂದ್ಯ. ರೈಫಲ್ಲಿಗೆ ಯಾವ ತೋಟೆ ತುಂಬುವುದೆಂದು ವಾರವಿಡೀ ಚರ್ಚೆ. ಹಗುರ ಗುಂಡಿನ ತೋಟೆ ವೇಗದ್ದು, ಆದರೆ ಅಡ್ಡಗಾಳಿಗೆ ಗುಂಡು ಸರಿಯುತ್ತದೆ. ಭಾರದ್ದು ನಿಧಾನ, ಆದರೆ ಗಾಳಿಗೆ ಅಷ್ಟು ಬಗ್ಗುವುದಿಲ್ಲ. ದೋಸೆ ಹೊಯ್ಯುತ್ತಲೇ ಇಷ್ಟು ವಿದ್ಯೆ ಕಲಿತೆ.

ಸೈನ್ಯದಿಂದ ಬಂದ ಬೈಂದೂರಿನ ಶೀನಣ್ಣ ಇವರ ಜೀವದ ಗೆಳೆಯ. “ಹ್ವಾಯ್, ತ್ರಾಸಿ ಗಾಳಿ ಅಂದ್ರೆ ಎಂತ ಅಂದ್ಕಂಡಿದ್ರಿ? ಹಗುರದ್ದ್ ಹಾಕ್ರೆ ಗುಂಡ್ ಗುಡ್ಡಿ ಮೇಲಿನ ಗೇರ್ ಮರಕ್ಕ್ ಹೋತ್ತ್. ಭಾರದ್ದ್ ನಾ ಕೊಡ್ತೆ,” ಎಂದರು. ಆಯುಧಪೂಜೆಯ ಹಿಂದಿನ ದಿನ, ಇವರಿಲ್ಲದಾಗ ಬಂದು, ತೋಟೆಗಳ ಚೀಲವೊಂದನ್ನು ಅತ್ತೆಯ ಕೈಗೆ ಕೊಟ್ಟು ಹೋದರು.

ಮರುದಿನ ಪೂಜೆಯ ಮಣೆಯ ಮೇಲೆ ಆ ತೋಟೆಗಳನ್ನು ಕಂಡೆ. ಹಿತ್ತಾಳೆ ಹೊಳೆಯುತ್ತಿತ್ತು, ಆದರೆ ಅದು ಕಾರ್ಖಾನೆಯ ಹೊಳಪಲ್ಲ. ತುಸು ಕೆಂಪು ಛಾಯೆ, ಕೊಡಪಾನವನ್ನು ಹುಣಸೆಹುಳಿ ಹಾಕಿ ತಿಕ್ಕಿದಾಗ ಬರುವಂಥದು. ಒಂದರ ತಳದ ಗೀರಿನಲ್ಲಿ ಹುಣಸೆಯ ನಾರೂ ಸಿಕ್ಕಿಕೊಂಡಿತ್ತು. ಹಳೆಯ ಮಾಲನ್ನು ತಿಕ್ಕಿ ಹೊಸದೆಂದು ಕೊಟ್ಟರೇ ಶೀನಣ್ಣ? ಹಾಳಾದ ತೋಟೆ ನಳಿಗೆಯೊಳಗೇ ಕೈಕೊಟ್ಟರೆ? ಸಿಡಿಯುವುದು ಇವರ ಕೆನ್ನೆಯ ಪಕ್ಕದಲ್ಲಿ! ಆಮೇಲೆ ನೋಡಿ, ಶೀನಣ್ಣ ಕಾಫಿ ಬೇಡವೆಂದದ್ದು, ಮೆಟ್ಟಿಲಿಳಿಯುವಾಗ ಎರಡು ಸಲ ತಿರುಗಿ ನೋಡಿದ್ದು, ಎಲ್ಲಕ್ಕೂ ಅರ್ಥ ಹುಟ್ಟತೊಡಗಿತು. ಪರರ ಬಗ್ಗೆ ಕೆಟ್ಟದ್ದು ಎಣಿಸಬಾರದೆಂದು ಕಾನ್ವೆಂಟಿನಲ್ಲಿ ನೂರು ಸಲ ಬರೆದವಳು ನಾನು.

ಅತ್ತೆ ಪೂಜೆ ಮುಗಿದದ್ದೇ ಬ್ರಹ್ಮಾವರದ ಮಗಳ ಮನೆಗೆ ಹೋದರು. ನಾನು ತೋಟೆಗಳನ್ನು ಇವರಿಗೆ ತೋರಿಸಿದೆ. ಸಂಜೆ ಶೀನಣ್ಣ ಬಂದಾಗ ಇವರು ಕೇಳಿಯೇಬಿಟ್ಟರು: “ಹಳೇ ಮಾಲ್ ತಿಕ್ಕಿ ತಂದದ್ದನಾ ಶೀನ?”

ಶೀನಣ್ಣ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. “ನಾ ಕೊಟ್ಟದ್ದ್ ಹೀಂಗಿರ್ಲಿಲ್ಲ ಮಾರಾಯ.”

“ಮತ್ತೆ ನಮ್ಮನಿಗ್ ಬಂದ್ ಬಣ್ಣ ಬದಲಾಯ್ತಾ?”

ಶೀನಣ್ಣ ಚೀಲ ಎತ್ತಿಕೊಂಡು ಹೊರಟರು. ಮತ್ತೆ ಬರಲಿಲ್ಲ.

ಭಾನುವಾರ ಇವರು ಹಗುರದ್ದೇ ತುಂಬಿದರು. ಐದೂ ಗುಂಡು ಗಾಳಿಗೆ ಸರಿದು ಗುರಿಹಲಗೆ ತಪ್ಪಿಸಿಕೊಂಡು ಹೋದವು.

ಸೋಮವಾರ ಊರಿಗೆ ಬಂದ ಅತ್ತೆ ಕೈಕಾಲು ತೊಳೆಯುತ್ತಲೇ ಕೇಳಿದರು: “ಹೆಣ್ಣೆ, ತೋಟೆ ಹೊಳ್ಸಿದ್ದ್ ಶೀನ ಕಂಡ್ನಾ? ಪೂಜಿಗ್ ಕಪ್ಪ್ ಕಪ್ಪ್ ಇಡೂಕಾತ್ತಾ? ಹುಳಿನೀರಗ್ ನೆನ್ಸಿ ತಿಕ್ದೆ.” ಮುಖದಲ್ಲಿ ಎಂಥ ಹೆಮ್ಮೆ! ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷದ ಮೇಲೆ ಇವತ್ತು ಎದ್ದು ಹೋಗಿ, ತೋಟೆ ತಿಕ್ಕಿದ್ದು ಅತ್ತೆಯೆಂದು ಇವರಿಗೆ ಹೇಳಿಬಿಟ್ಟೆ. ಇವರು ಪತ್ರಿಕೆ ಮಡಚಿದರು.

“ಗೊತ್ತಿತ್ತ್. ಅಮ್ಮ ಆಗಳೇ ನಂಗೂ ಹೇಳಿದ್ರ್.”

“ಮತ್ತೆ ಶೀನಣ್ಣನಿಗೆ ಎಂತಕೆ ಹೇಳ್ಲಿಲ್ಲ?”

ಕನ್ನಡಕ ತೆಗೆದು ಒರೆಸಿದರು. “ಸೋತದ್ದಕ್ಕೆ ನಂಗೊಂದ್ ನೆಪ ಬೇಕಿತ್ತ್ ಮಾರಾಯ್ತಿ. ಅವ ಹಾಳ್ ತೋಟೆ ಕೊಟ್ಟದ್ದಕ್ಕೇ ಹಗುರದ್ದ್ ಹಾಕ್ದೆ ಅಂದೇಳಿ ಊರಿಗೆಲ್ಲ ಹೇಳಿ ಆಗಿತ್ತ್.”

ಬೈಂದೂರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. “ನಾನೂ ಬತ್ತೆ,” ಎಂದರು. ಬರಲಿ. ಶೀನಣ್ಣ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿದರೂ ಸರಿ, ಮೊದಲು ಮಾತಾಡುವವಳು ನಾನೇ.