ಹಗ್ಗದ ತುದಿ ನನ್ನದು

ನನ್ನ ಮೈಯ ವಿಷಯವನ್ನು ಜನ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ, ಅಮ್ಮನ ಹತ್ತಿರ ಮಾತಾಡುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಲಾಯಿಲದ ನಮ್ಮ ಮನೆಯಿಂದ ಅಮ್ಮ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋಗುವ ದಾರಿಯಲ್ಲಿ, ಮದುವೆ ಹಾಲ್‌ನಲ್ಲಿ ಕೈ ತೊಳೆಯುವಲ್ಲಿ, ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಿ, ಎಲ್ಲ ಕಡೆಯೂ ಅದೇ ಪ್ರಶ್ನೆ. "ಮಗಳಿಗೆ ಎಂತ ಹಾಕ್ತೀರಿ ಮಾರಾಯ್ತಿ?" ಅವರು ಕೇಳುತ್ತಿದ್ದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ. ಎಂತ ಹಾಕ್ತೀರಿ ಎಂದು ಕೇಳುವುದು ದನದ ವಿಷಯದಲ್ಲಿ. ನನಗೆ ಆಗಲೇ ಅಷ್ಟು ಗೊತ್ತಿತ್ತು, ಆದರೆ ಹೇಳುವ ಬಾಯಿ ಇರಲಿಲ್ಲ. ಈಗ ಉಂಟು.

ಅಮ್ಮ ಅವರೆದುರು ನಗುತ್ತಿದ್ದಳು. ಮನೆಗೆ ಬಂದ ಮೇಲೆ ನನ್ನ ಅನ್ನಕ್ಕೆ ಕತ್ತರಿ ಹಾಕುತ್ತಿದ್ದಳು. ಬೆಳಿಗ್ಗೆ ಬಿಸಿನೀರಿಗೆ ಲಿಂಬೆ, ಮಧ್ಯಾಹ್ನ ಗಂಜಿಯ ತಿಳಿ, ಸಂಜೆ ಏನೂ ಇಲ್ಲ. ನಾನು ಹಟ ಮಾಡಿದರೆ, "ಊರಿನವರ ಬಾಯಿ ಮುಚ್ಚಲಿಕ್ಕೆ ನನ್ನಿಂದ ಆಗುವುದಿಲ್ಲ, ನೀನು ನಿನ್ನ ಬಾಯಿ ಮುಚ್ಚು" ಎನ್ನುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅಷ್ಟೆಲ್ಲ ಮಾಡಿದರೂ ನಾನು ಇಳಿಯಲಿಲ್ಲ. ನಮ್ಮ ಅಜ್ಜಿಯೂ ಹೀಗೇ ಇದ್ದಳು, ಅಜ್ಜಿಯ ಅಕ್ಕಂದಿರೂ ಹೀಗೇ. ಅವರನ್ನು ಯಾರೂ ಏನೂ ಕೇಳಿದ್ದು ನನಗೆ ಗೊತ್ತಿಲ್ಲ. ಗದ್ದೆ ನೆಟ್ಟು, ಕೊಯ್ದು, ಹತ್ತು ಮಕ್ಕಳನ್ನು ಹೆತ್ತವರನ್ನು ಕೇಳುವ ಧೈರ್ಯ ಯಾರಿಗಿರುತ್ತದೆ?

ಪಿಯುಸಿ ಎರಡನೇ ವರ್ಷದಲ್ಲಿ ಒಂದು ಬೆಳಿಗ್ಗೆ ಕಾಲೇಜಿನ ಪ್ರಾರ್ಥನೆಗೆ ನಿಂತವಳು ಕಣ್ಣು ಕತ್ತಲೆ ಬಂದು ಬಿದ್ದೆ. ನಮ್ಮ ಮೇಡಂ ಒಬ್ಬರು ನನ್ನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಪೇಟೆಯ ಒಂದು ಟೈಲರ್ ಅಂಗಡಿಯ ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ಕೋಣೆಯಲ್ಲಿ ಒಂದು ಬಳಗವಿತ್ತು. ದೊಡ್ಡ ಬೋರ್ಡು, ದೊಡ್ಡ ಹೆಸರು ಯಾವುದೂ ಇಲ್ಲ. ನಿವೃತ್ತರಾದ ಒಬ್ಬರು ನರ್ಸ್, ಅವರನ್ನು ಎಲ್ಲರೂ ನರ್ಸಕ್ಕ ಎನ್ನುತ್ತಿದ್ದರು. ನಿವೃತ್ತರಾದ ಒಬ್ಬರು ಪಿ.ಟಿ. ಮಾಷ್ಟ್ರು. ಇವರಿಬ್ಬರ ಸುತ್ತ ಊರಿನ ಕೆಲವು ಹೆಂಗಸರು. ಬಿ.ಪಿ., ಸಕ್ಕರೆ, ರಕ್ತ ನೋಡುತ್ತಿದ್ದರು. ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಕುಡಿದು ಬಂದು ಹೊಡೆಯುವವನ ಮನೆಗೆ ಹೋಗಿ ಜಗಲಿಯಲ್ಲಿ ಕೂತು, ಅವನಿಗೆ ಕುಡಿದದ್ದು ಇಳಿಯುವವರೆಗೆ ಏಳುತ್ತಿರಲಿಲ್ಲ.

ಆ ಬಳಗಕ್ಕೆ ಒಂದು ನಿಯಮವಿತ್ತು. ಮಕ್ಕಳನ್ನು ಒಬ್ಬೊಬ್ಬರಾಗಿ ಸೇರಿಸುತ್ತಿರಲಿಲ್ಲ. ಮನೆಯಿಂದ ಒಬ್ಬ ದೊಡ್ಡವರೂ ಜೊತೆಗೆ ಬರಲೇಬೇಕು. ಮಗುವಿಗೆ ಬುದ್ಧಿ ಹೇಳಿ ಮತ್ತೆ ಅದೇ ಮನೆಗೆ ಕಳಿಸಿದರೆ ಪಾತ್ರೆ ತೊಳೆದು ಕೆಸರಿನಲ್ಲಿಟ್ಟ ಹಾಗೆ ಎಂಬುದು ನರ್ಸಕ್ಕನ ವಾದ. ಆದ್ದರಿಂದ ಆ ದಿನವೇ ಅಮ್ಮನಿಗೆ ಕರೆ ಹೋಯಿತು. ಅಮ್ಮ ಮಡಿಲಿನ ಬೀಡಿ ಮೊರ, ತಡ್ಪೆಯನ್ನು ಬದಿಗಿಟ್ಟು, ಕೈಗೆ ಅಂಟಿದ ಹೊಗೆಸೊಪ್ಪಿನ ಪುಡಿಯನ್ನೂ ತೊಳೆಯದೆ ಓಡಿ ಬಂದಳು.

"ಇವಳಿಗೆ ರಕ್ತವೇ ಇಲ್ಲ" ಎಂದರು ನರ್ಸಕ್ಕ. "ದಪ್ಪ ಇದ್ದವರಿಗೆ ಹಸಿವು ಆಗುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಜನ ಮಾತಾಡ್ತಾರಲ್ಲ ಅಕ್ಕ."

"ಜನರಿಗೆ ಮಾತಾಡಿಯೇ ಹೊಟ್ಟೆ ತುಂಬ್ತದೆ. ಇವಳಿಗೆ ತುಂಬುವುದಿಲ್ಲ. ನಾಳೆಯಿಂದ ಸಂಜೆ ಇವಳನ್ನು ಕರ್ಕೊಂಡು ಮೈದಾನಕ್ಕೆ ಬನ್ನಿ."

"ನನಗೆ ಬೀಡಿ ಉಂಟು."

"ಬೀಡಿ ಎಲ್ಲರಿಗೂ ಉಂಟು. ಬನ್ನಿ."

ಮೈದಾನದಲ್ಲಿ ಹಗ್ಗಜಗ್ಗಾಟ ನಡೆಯುತ್ತಿತ್ತು. ಅದಕ್ಕೆ ಮೊದಲು ಬಳಗದವರು ಯೋಗ ಶುರು ಮಾಡಿದ್ದರಂತೆ. ಬೀಡಿ ಕಟ್ಟಿ ಕುತ್ತಿಗೆ, ಸೊಂಟ ಹಿಡಿದುಕೊಂಡ ಹೆಂಗಸರು ಚಾಪೆಯ ಮೇಲೆ ಕಾಲೆತ್ತಿ ನಕ್ಕದ್ದೇ ನಕ್ಕದ್ದು, ಎರಡನೇ ವಾರಕ್ಕೆ ಯಾರೂ ಬರಲಿಲ್ಲ. ಕೊನೆಗೆ ಮಾಷ್ಟ್ರು ಲಾರಿಯವರ ಹತ್ತಿರ ಒಂದು ಹಳೆಯ ಹಗ್ಗ ಕೇಳಿ ತಂದು ನೆಲದ ಮೇಲೆ ಹಾಕಿದರು. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಹಗ್ಗ ಕಂಡರೆ ಕೈ ತುರಿಸುತ್ತದೆ. ಅಮ್ಮಂದಿರು, ಹೆಣ್ಣುಮಕ್ಕಳು, ಒಬ್ಬ ಸೊಸೆ, ಅವಳ ಅತ್ತೆ, ಎಲ್ಲ ಒಂದೇ ಹಗ್ಗಕ್ಕೆ.

ಮೊದಲ ಸಂಜೆ ಮಾಷ್ಟ್ರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಹಲ್ಲು ಕಚ್ಚಿ ಮಾತಿಗೆ ಕಾದೆ. ಅವರು ಹೇಳಿದ್ದು ಇಷ್ಟೇ. "ನೀನು ಕೊನೆಗೆ ನಿಲ್ಲು. ಹಗ್ಗವನ್ನು ಹೆಗಲ ಮೇಲಿಂದ ತಂದು ಸೊಂಟಕ್ಕೆ ಸುತ್ತಿಕೋ. ನೀನು ಕದಲದಿದ್ದರೆ ಯಾರೂ ಕದಲುವುದಿಲ್ಲ."

ಹಿಮ್ಮಡಿ ಮಣ್ಣಿಗೆ ಊರಿ ಹಿಂದಕ್ಕೆ ವಾಲಿದೆ. ಆಚೆ ಬದಿಯ ಎಂಟು ಜನ ಎಳೆದರು. ನಾನು ಕದಲಲಿಲ್ಲ. ಆ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ. ಅಲ್ಲಿಯವರೆಗೆ ನನ್ನ ಮೈ ಎಲ್ಲಿ ಹೋದರೂ ಅಡ್ಡ. ಬಸ್ಸಿನ ಸೀಟಿಗೆ ಅಡ್ಡ, ಬಳೆಗೆ ಅಡ್ಡ, ಫೋಟೋಗೆ ಅಡ್ಡ. ಅದು ಬೇಕಾದ ಜಾಗವೊಂದು ಲೋಕದಲ್ಲಿ ಇದೆ ಎಂದು ಆ ಸಂಜೆ ಗೊತ್ತಾಯಿತು. ನನ್ನ ಅಮ್ಮ ಸಾಲಿನ ಮುಂದೆ ನಿಲ್ಲುತ್ತಿದ್ದಳು. ಗಾಳಿ ಬಂದರೆ ಹಾರುವ ಹಾಗಿದ್ದಳು, ಆದರೆ ಬೀಡಿ ಕಟ್ಟಿದ ಬೆರಳುಗಳು ಹಗ್ಗ ಹಿಡಿದರೆ ಬಿಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಬಳಗದವರು ಹುಡುಗಿಯರಿಗೆ ಬೇಯಿಸಿದ ಮೊಟ್ಟೆ, ಕಡಲೆ ಕೊಡುತ್ತಿದ್ದರು. ಎಲ್ಲರೆದುರು ತಿನ್ನಬೇಕು, ಅದೂ ನಿಯಮ. ನಾನು ನಾಚದೆ ತಿಂದೆ.

ಊರಿನ ದೊಡ್ಡವರೊಬ್ಬರು ಮೈದಾನಕ್ಕೇ ಬಂದು ಎಚ್ಚರಿಸಿದರು. "ಹೆಂಗಸರು ಹಗ್ಗ ಎಳೆದರೆ ಗರ್ಭಕೋಶ ಜಾರ್ತದೆ."

"ಬಾವಿಯಿಂದ ಕೊಡಪಾನ ಎಳೆಯುವಾಗ ಜಾರುವುದಿಲ್ಲವಾ? ನಿಮ್ಮ ಮನೆಯಲ್ಲಿ ಯಾರು ಎಳೆಯುವುದು?" ಎಂದು ಕೇಳಿದರು ನರ್ಸಕ್ಕ. ಆ ದೊಡ್ಡವರು ಮತ್ತೆ ಆ ಕಡೆ ಬರಲಿಲ್ಲ. ಅಪ್ಪ ಮಾತ್ರ ದಿನವೂ ಬರುತ್ತಿದ್ದರು. ಮೈದಾನದ ಬದಿಯಲ್ಲಿ ತಮ್ಮ ರಿಕ್ಷಾವನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದರು. ಕೇಳಿದರೆ, "ಪ್ಯಾಸೆಂಜರಿಗೆ ಕಾಯ್ತಾ ಇದ್ದೇನೆ."

ಈಗ ನಾನು ಅದೇ ಬಳಗದಲ್ಲಿ ಕೆಲಸ ಮಾಡುತ್ತೇನೆ. ದೊಡ್ಡ ಊರುಗಳಿಂದ ನೋಡಲು ಬಂದವರು, ಕುಟುಂಬದ ಆರೋಗ್ಯಕ್ಕೆ ಮತ್ತು ಯುವಜನರ ಬೆಳವಣಿಗೆಗೆ ನಿಮ್ಮ ಯೋಜನೆ ಏನು ಎಂದು ಕೇಳುತ್ತಾರೆ. ಹಗ್ಗ ಎನ್ನುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ.

ಆ ವರ್ಷ ಮಳೆಗಾಲ ಕಳೆದು ಬಂಟ್ವಾಳದಲ್ಲಿ ಒಂದು ಪಂದ್ಯವಿದೆ ಎಂದು ತಿಳಿಯಿತು. ನಮ್ಮ ತಂಡಕ್ಕೆ ಅದೇ ಮೊದಲನೆಯದು. ಎಂಟು ಜನರ ಒಟ್ಟು ತೂಕಕ್ಕೆ ಮಿತಿ ಇತ್ತು. ಮಾಷ್ಟ್ರು ನಮ್ಮನ್ನೆಲ್ಲ ರೇಷನ್ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದರು. ಅಮ್ಮ ಆ ಹೊತ್ತಿಗೆ ಬ್ರಾಂಚಿಗೆ ಹೋಗಿದ್ದಳು, ಅವಳದ್ದನ್ನು ಅಂದಾಜು ಹಾಕಿದೆವು. ಮಿತಿಯೊಳಗೇ ಇದ್ದೆವು. ನಾವು ಮಾಡಿದ ತಪ್ಪೆಂದರೆ, ಆ ಮೇಲೆ ಒಂದು ತಿಂಗಳು ಚೆನ್ನಾಗಿ ತಿಂದು ಚೆನ್ನಾಗಿ ಎಳೆದು, ಮತ್ತೆ ತಕ್ಕಡಿಯ ಹತ್ತಿರ ಹೋಗಲೇ ಇಲ್ಲ. ಹುಡುಗಿಯರ ಕೆನ್ನೆಗೆ ಬಣ್ಣ ಬಂದಿತ್ತು. ಬಂದ ಬಣ್ಣಕ್ಕೂ ತೂಕ ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಟೆಂಪೋದಲ್ಲಿ ಗುರುವಾಯನಕೆರೆ, ಪುಂಜಾಲಕಟ್ಟೆ ದಾಟಿ ಬಂಟ್ವಾಳಕ್ಕೆ ಹೋದೆವು. ಮೈದಾನದ ನಡುವೆ ತೂಕದ ಮೆಷಿನ್, ಪಕ್ಕದಲ್ಲಿ ಮೈಕ್ ಹಿಡಿದ ಒಬ್ಬ. ಒಬ್ಬೊಬ್ಬರ ತೂಕವನ್ನೂ ಮೈಕಿನಲ್ಲಿ ಹೇಳುತ್ತಿದ್ದ. ನಾನು ಹತ್ತುವಾಗ, "ಮೆಷಿನಿಗೆ ಗ್ಯಾರಂಟಿ ಇಲ್ಲ ಅಕ್ಕ, ಸ್ವಲ್ಪ ಜಾಗ್ರತೆ!" ಎಂದ. ಮೈದಾನ ನಕ್ಕಿತು. ಅವನನ್ನು ದುರುಗುಟ್ಟಿ ನೋಡಿ ಇಳಿದೆ. ನನ್ನ ಹಿಂದೆ ಅಮ್ಮ ಹತ್ತಿದಳು. "ಮೂವತ್ತೆಂಟು" ಎಂದ ಮೈಕಿನವನು. ಅವನಿಗೂ ತಮಾಷೆ ಸಿಗಲಿಲ್ಲ. ನರ್ಸಕ್ಕ ತಟ್ಟನೆ ತಿರುಗಿ ಅಮ್ಮನನ್ನು ನೋಡಿದರು. ಬಳಗದ ತಪಾಸಣೆಯಲ್ಲಿ ಅಮ್ಮ ಪ್ರತಿ ಸಲ ನನ್ನನ್ನು ಮುಂದೆ ತಳ್ಳಿ, ತನ್ನದು ಇನ್ನೊಮ್ಮೆ ಎಂದು ತಪ್ಪಿಸಿಕೊಂಡವಳು.

ಒಟ್ಟು ಹಾಕಿದಾಗ ನಾಲ್ಕು ಕಿಲೋ ಹೆಚ್ಚಾಗಿತ್ತು.

ಪಂದ್ಯದ ಸಮಿತಿಯವರು ಒರಟರಲ್ಲ, ದಾರಿ ಹೇಳಿದರು. "ಆ ದೊಡ್ಡ ಹುಡುಗಿಯನ್ನು ಬಿಡಿ. ಬದಲಿ ಹುಡುಗಿ ಇದ್ದಾಳಲ್ಲ, ಅವಳನ್ನು ಹಾಕಿ. ಸರಿಯಾಗ್ತದೆ." ಬದಲಿ ಎಂದರೆ ಮುಂಡಾಜೆಯಿಂದ ಬರುತ್ತಿದ್ದ ನನ್ನ ಕಾಲೇಜಿನ ಹುಡುಗಿ, ಸಪೂರ. ಉಳಿದವರೆಲ್ಲ ಹೆಚ್ಚುಕಡಿಮೆ ಅವಳ ತೂಕದವರೇ, ಅವರ ಬದಲು ಅವಳನ್ನು ಹಾಕಿದರೆ ನಾಲ್ಕು ಕಿಲೋ ಇಳಿಯುತ್ತಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಯಾರೂ ಏನೂ ಹೇಳುವ ಮೊದಲೇ ನಾನು ಸಾಲಿನಿಂದ ಹೊರಗೆ ಬಂದೆ. ಅದು ನನಗೆ ಅಭ್ಯಾಸ. ಫೋಟೋದಿಂದ, ಶಾಲೆಯ ನಾಟಕದಿಂದ, ಚಿಕ್ಕಮ್ಮನ ಮದುವೆಯಲ್ಲಿ ಆರತಿ ಹಿಡಿಯುವವರ ಸಾಲಿನಿಂದ, ಎಲ್ಲ ಕಡೆಯಿಂದಲೂ ನಾನಾಗಿಯೇ ಹೊರಗೆ ಬಂದವಳು ನಾನು. ಆದರೆ ಆ ದಿನ ಮಾತ್ರ ಎದೆ ಒಡೆದುಹೋಗುವಷ್ಟು ದುಃಖವಾಯಿತು. ಹಗ್ಗದ ತುದಿಯೂ ಹೋದರೆ ನನಗೆ ಇನ್ನೆಲ್ಲಿ ಜಾಗ?

ಅಮ್ಮ ಬಂದು ನನ್ನ ರಟ್ಟೆ ಹಿಡಿದಳು.

"ಎಲ್ಲಿಗೆ ಹೋಗ್ತೀ? ಬಾ ಇಲ್ಲಿ." ನಂತರ ಸಮಿತಿಯವರ ಕಡೆ ತಿರುಗಿದಳು. "ಇವಳು ಇಳಿಯುವುದಿಲ್ಲ. ನಾನು ಇಳೀತೇನೆ."

"ಅಮ್ಮಾ, ನಿಮ್ಮ ಜಾಗಕ್ಕೆ ಆ ಹುಡುಗಿಯನ್ನು ಹಾಕಿದರೂ ತೂಕ ಮೀರ್ತದೆ."

"ಹಾಕುವುದು ಬೇಡ. ಏಳೇ ಜನ ಎಳೀತಾರೆ."

"ಎಂಟು ಜನರ ಎದುರು ಏಳಾ? ಸ್ವಲ್ಪ ಯೋಚನೆ ಮಾಡಿ."

"ಮಾಡಿ ಆಯ್ತು. ಅವಳನ್ನು ಬಿಟ್ಟರೆ ತುದಿಯನ್ನು ನೀವು ಹಿಡೀತೀರಾ?"

ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲವೆಂದು ತಳ್ಳಿಹಾಕಿದರೂ ತುಟಿ ಪಿಟಕ್ಕೆನ್ನದ ನನ್ನ ಅಮ್ಮ, ಬಂಟ್ವಾಳದ ಮೈದಾನದಲ್ಲಿ ಬಿಳಿ ಅಂಗಿಯ ನಾಲ್ಕು ಜನ ಗಂಡಸರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮಾಷ್ಟ್ರು ಏನೋ ಹೇಳಲು ಬಾಯಿ ತೆರೆದರು. ನರ್ಸಕ್ಕ ಅವರ ಕೈ ಒತ್ತಿದರು. ನಮ್ಮ ಸಾಲಿನ ಅತ್ತೆ ಸೊಸೆಯಿಬ್ಬರೂ ಆಗಲೇ ಸೆರಗು ಕಟ್ಟಿ ಹಗ್ಗ ಎತ್ತಿಕೊಂಡಿದ್ದರು. ಆ ಇಬ್ಬರು ಅದುವರೆಗೆ ಯಾವ ವಿಷಯದಲ್ಲೂ ಒಂದಾದವರಲ್ಲ.

ಮೊದಲ ಎಳೆತ ನಾವು ಗೆದ್ದೆವು. ಸತ್ಯವಾಗಿಯೂ ಗೆದ್ದೆವು. ಸೀಟಿ ಊದಿದ ಕೂಡಲೇ ನಾನು ಕೂರುವ ಹಾಗೆ ಹಿಂದಕ್ಕೆ ವಾಲಿದೆ, ಹಗ್ಗ ಹೆಗಲಿಗೆ ಕೊರೆಯಿತು, ಹಗ್ಗದ ಮಧ್ಯಕ್ಕೆ ಕಟ್ಟಿದ ಕೆಂಪು ಬಟ್ಟೆ ಒಂದೊಂದೇ ಗೇಣು ನಮ್ಮ ಕಡೆಗೆ ಬಂತು. ಅಮ್ಮ ಗೆರೆಯ ಬದಿಯಲ್ಲಿ ನನ್ನ ಜೊತೆಗೇ ಹಿಂದಕ್ಕೆ ನಡೆಯುತ್ತಾ, "ಬಿಡಬೇಡ ಮಗಾ, ಬಿಡಬೇಡ" ಎಂದು ತುಳುವಿನಲ್ಲಿ ಕಿರುಚುತ್ತಿದ್ದಳು. ಎರಡನೆಯದು ಸೋತೆವು. ಮೂರನೆಯದರಲ್ಲಿ ಬಹಳ ಹೊತ್ತು ಯಾರೂ ಕದಲಲಿಲ್ಲ, ಕೊನೆಗೆ ಮುಂದಿನವರ ಕೈ ಸೋತಿತು. ಏಳು ಜನ ಎಷ್ಟು ಎಳೆದರೂ ಎಂಟು ಜನ ಎಂಟೇ.

ಸಮಿತಿಯ ಒಬ್ಬರು ಅಮ್ಮನ ಹತ್ತಿರ ಬಂದು, "ನೋಡಿದಿರಾ? ಎಂಟು ಜನ ಇದ್ದಿದ್ದರೆ ಕಪ್ ನಿಮ್ಮದೇ" ಎಂದರು.

"ನೀವು ಹೇಳಿದ ಎಂಟು ಜನ ಇದ್ದಿದ್ದರೆ ಮೊದಲನೆಯದ್ದೂ ಸೋಲ್ತಿದ್ದೆವು" ಎಂದಳು ಅಮ್ಮ. "ಅವಳು ಇರ್ತಿರಲಿಲ್ಲ."

ಮರಳುವಾಗ ಟೆಂಪೋದಲ್ಲಿ ಎಲ್ಲರೂ ಗೆದ್ದವರ ಹಾಗೆ ಗಲಾಟೆ ಮಾಡುತ್ತಿದ್ದರು. ಮೂಡುಬಿದಿರೆಯಲ್ಲಿ ತೂಕದ ಮಿತಿಯೇ ಇಲ್ಲದ ಪಂದ್ಯ ಉಂಟೆಂದು ಮಾಷ್ಟ್ರು ಅಲ್ಲಿಯೇ ವಿಚಾರಿಸಿಕೊಂಡು ಬಂದಿದ್ದರು. "ಎಂಟೂ ಜನ ಹೋಗುವ" ಎಂದರು. ಎಲ್ಲರೂ ಹೋ ಎಂದರು. ನರ್ಸಕ್ಕ ಮಾತ್ರ ಅಮ್ಮನ ಮಣಿಕಟ್ಟು ಹಿಡಿದು ಕೂತಿದ್ದರು. "ಇವರನ್ನು ಬಿಟ್ಟು. ಮೂವತ್ತೆಂಟು ಕಿಲೋದ ಜೀವವನ್ನು ನಾನು ಹಗ್ಗಕ್ಕೆ ಕೊಡುವುದಿಲ್ಲ. ಮೊದಲು ಇವರು ಎಂತ ಊಟ ಮಾಡ್ತಾರೆ ಅಂತ ನನಗೆ ಯಾರಾದರೂ ಹೇಳಿ."

ಹೇಳಬೇಕಾದವಳು ನಾನು. ನೆನಪು ಮಾಡಿಕೊಂಡೆ. ಅಮ್ಮ ಅನ್ನ ಬಡಿಸುವುದು ಗೊತ್ತಿತ್ತು, ಪಾತ್ರೆ ತೊಳೆಯುವುದು ಗೊತ್ತಿತ್ತು. ನಡುವೆ ಅವಳು ಉಂಡದ್ದು ಒಂದು ದಿನವೂ ಕಣ್ಣಿಗೆ ಬರಲಿಲ್ಲ. ನನ್ನ ತಟ್ಟೆಯಿಂದ ತೆಗೆದದ್ದಕ್ಕಿಂತ ಹೆಚ್ಚು ಅವಳು ತನ್ನದರಿಂದ ತೆಗೆದಿದ್ದಳು. ನನಗೆ ಸಿಟ್ಟು ಬಂತು. ಮೈಕಿನವನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು.

ಮನೆಗೆ ಬಂದು ಸ್ನಾನ ಮಾಡಿ, ಅವತ್ತು ನಾನೇ ಬಡಿಸಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಮೂರು ತಟ್ಟೆ ಇಟ್ಟೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀವು ಉಣ್ಣಿ, ನಂದು ಮತ್ತೆ" ಎಂದಳು.

"ಕೂತ್ಕೊ" ಎಂದೆ.

"ಉಣ್ಣು ಹುಡುಗಿ, ತಣ್ಣಗಾಗ್ತದೆ."

"ಆಗಲಿ."

ನಾನು ಕೈ ಕಟ್ಟಿ ಕೂತೆ. ಅಪ್ಪ ಬೆರಳು ಅನ್ನಕ್ಕೆ ತಾಗಿಸಿದವರು, ನನ್ನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದರು. ಅಮ್ಮ ಬೈದಳು. ನಮಗೆಲ್ಲ ತಲೆ ಕೆಟ್ಟಿದೆ ಎಂದಳು. ನಾಳೆಯ ಬೀಡಿ ಎಲೆ ಕತ್ತರಿಸಲಿಕ್ಕೆ ಉಂಟು ಎಂದಳು. ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು, ಮತ್ತೆ ಬಂದು ನೋಡಿದಳು. ನಾವು ಹಾಗೆಯೇ ಇದ್ದೆವು. ಸಾರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತು.

ಕೊನೆಗೆ ಅಮ್ಮ ಬಂದು ನನ್ನ ಎದುರಿಗೆ ಕೂತಳು. ತನ್ನ ತಟ್ಟೆಯಿಂದ ಅರ್ಧ ಅನ್ನ ಪಾತ್ರೆಗೆ ಹಾಕಲು ಹೋದಳು, ನಾನು ಪಾತ್ರೆಯನ್ನು ಈ ಕಡೆಗೆ ಎಳೆದುಕೊಂಡೆ. ಅವಳು ತಲೆ ತಗ್ಗಿಸಿ ಉಣ್ಣತೊಡಗಿದಳು. ಮೊದಲು ನಿಧಾನ, ಆಮೇಲೆ ಬೇಗ ಬೇಗ, ಹಸಿದವರು ಉಣ್ಣುವ ಹಾಗೆ. ಅಪ್ಪ ಗೋಡೆಯ ಕಡೆ ನೋಡುತ್ತಾ ಉಂಡರು. ಅಮ್ಮನ ತಟ್ಟೆ ಖಾಲಿಯಾಯಿತು. ನಂತರ ನನ್ನ ಮುಖ ನೋಡದೆ ತಟ್ಟೆಯನ್ನು ಮುಂದಕ್ಕೆ ದೂಡಿ, "ಇನ್ನು ಸ್ವಲ್ಪ ಹಾಕು" ಎಂದಳು.