ದುಂಡಗಾಗದ ದೋಸೆ

ನಾನು ಹುಯ್ಯುವ ದೋಸೆ ದುಂಡಗೆ ಬರುವುದಿಲ್ಲ. ಹೋಟೆಲಿನವರ ಮನೆಯಲ್ಲಿ ಹುಟ್ಟಿದವನು ಇದನ್ನು ಬಾಯಿಬಿಟ್ಟು ಹೇಳುವುದೆಂದರೆ, ಸಂಗೀತಗಾರರ ಮಗ ತನಗೆ ಶ್ರುತಿ ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅಜ್ಜ ಉಡುಪಿ ಕಡೆಯಿಂದ ತಮಿಳು ಸೀಮೆಗೆ ಬಂದು ಕೋಡಂಬಾಕ್ಕಂನಲ್ಲಿ ಕಾವಲಿ ಇಟ್ಟರು, ಅಪ್ಪ ಅದರ ಬಿಸಿಯಲ್ಲೇ ಮುದುಕರಾದರು. ನಾನು ಮಾತ್ರ ಕಚೇರಿಯ ಫ್ಯಾನಿನ ಕೆಳಗೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡೆ. ಈಗ ನಿವೃತ್ತನಾಗಿ ಮಾಧವರಂನ ಮನೆಯಲ್ಲಿದ್ದೇನೆ.

ಆ ಕೋಡಂಬಾಕ್ಕಂ ಹೋಟೆಲು ಈಗಲೂ ನನ್ನ ಮಧ್ಯಾಹ್ನದ ಜೊಂಪಿನಲ್ಲಿ ಬರುತ್ತದೆ. ಪಕ್ಕದ ಸಿನಿಮಾ ಸ್ಟುಡಿಯೋದಿಂದ ಕಿರೀಟ ಬಗಲಲ್ಲಿಟ್ಟುಕೊಂಡು ಬಂದ ದೇವತೆಗಳು, ಮುಖದ ನೀಲಿ ಬಣ್ಣ ಕೆಡದಂತೆ ಜಾಗ್ರತೆಯಿಂದ ದೋಸೆ ಮುರಿಯುತ್ತಿದ್ದರು. ಅವರಂಥ ಗಿರಾಕಿಗಳ ತಟ್ಟೆಯಲ್ಲಿ ಅಚ್ಚುಕಟ್ಟಾದ ದುಂಡು ದೋಸೆ. ಹರಿದದ್ದು, ಬಾಲ ಬಿಟ್ಟದ್ದು, ಕಾವಲಿಗೆ ಅಂಟಿದ್ದು ಮಾತ್ರ ಒಳಗೆ ಬರುತ್ತಿತ್ತು. ಅಲ್ಲಿ ಅಮ್ಮನೂ ನಾವು ಮಕ್ಕಳೂ ಒಂದೇ ತಟ್ಟೆಯ ಸುತ್ತ ನಿಂತು ತಿನ್ನುತ್ತಿದ್ದೆವು. ನಮ್ಮಂಥ ಎಲ್ಲ ಹೋಟೆಲು ಮನೆಗಳಲ್ಲೂ ಅದೇ ಪದ್ಧತಿ. ನನ್ನ ಹೆಂಡತಿ ನಾಗವೇಣಿಯೂ ಟಿ. ನಗರದ ಅಂಥದೇ ಒಂದು ಅಡುಗೆಮನೆಯಲ್ಲಿ ನಿಂತು ಬೆಳೆದವಳು.

ಈಚೆಗೊಮ್ಮೆ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು, ಆದರೆ ಹೋಗುವಾಗ ಹಸಿವನ್ನೂ ಗಂಟುಕಟ್ಟಿಕೊಂಡು ಹೋಯಿತು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು, ಗಂಜಿ ಕಹಿ ಎನ್ನುತ್ತಿದ್ದಳು. ಕೈಯ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು ಡಾಕ್ಟರು. ನನಗೆ ನಿಜಕ್ಕೂ ಭಯವಾಯಿತು. ಒಂದು ಬೆಳಿಗ್ಗೆ ಹಾಲಿನ ವ್ಯಾನುಗಳ ಸದ್ದಿಗೆ ಎಚ್ಚರವಾದಾಗ, ಯಾವ ಧೈರ್ಯದಲ್ಲೋ ಎದ್ದು ಹೋಗಿ ಸೌಟು ಹಿಡಿದೆ.

ಹಿಟ್ಟು ನನ್ನ ಮಾತು ಕೇಳಲಿಲ್ಲ. ದೋಸೆ ಒಂದು ಕಡೆ ಬಾಲ ಚಾಚಿ, ಇನ್ನೊಂದು ಕಡೆ ಒಳಸರಿದು, ನಡುವೆ ತೂತು ಮಾಡಿಕೊಂಡು ಎದ್ದಿತು. ಮಗಳು ಮೇಘಾ ಚಿತ್ರಕಲೆ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ತಟ್ಟೆಯನ್ನು ಬಗ್ಗಿ ನೋಡಿ, "ಅಪ್ಪಾ, ಇದು ದೋಸೈ ಇಲ್ಲೈ. ಅಮಾರ್ಫಿಸಂ" ಎಂದಳು. ಹಾಗೆಂದರೆ ರೂಢಿಯ ಆಕಾರವನ್ನೂ ಕಟ್ಟನ್ನೂ ಬೇಕೆಂದೇ ತಳ್ಳಿಹಾಕುವುದಂತೆ. ಇಂಗ್ಲಿಷಿನವರೂ ಅಪರೂಪಕ್ಕೆ ಇಳಿಸುವ, ಅಟ್ಟದ ಮೇಲಿನ ಪಾತ್ರೆಯಂಥ ಪದ.

ನನಗೆ ಪದ ಬಹಳ ಹಿಡಿಸಿತು. ಏಲಕ್ಕಿಯಂತೆ ಅದನ್ನು ಬಾಯಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತೆ. ಮೇಲೆ ಮೋಡಗಳು ತೇಲುತ್ತಿದ್ದವು, ಯಾವುದೂ ಅಚ್ಚಿನಿಂದ ಬಂದದ್ದಲ್ಲ. ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮಕ್ಕೆ ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ಆದರೂ ದಿನವೂ ಅದಕ್ಕೇ ಅಭಿಷೇಕ, ಅದಕ್ಕೇ ನೈವೇದ್ಯ. ನಿದ್ದೆಗೆ ಎಂಥ ಆಕಾರ, ಹೊಗೆಗೆ ಎಂಥ ಚೌಕಟ್ಟು, ನಾನು ಈಗ ಬರೆಯುತ್ತಿರುವ ಈ ಹರಟೆಗಾದರೂ ಎಂಥ ಅಂಚು ಎಂದೆಲ್ಲ ತೇಲುತ್ತ ಹೋದೆ. ಆದರೆ ಪದದೊಳಗೊಂದು ಮುಳ್ಳಿತ್ತು. ಬೇಕೆಂದೇ ಮಾಡಿದರೆ ಮಾತ್ರ ಅದು ಅಮಾರ್ಫಿಸಂ. ಬರದೆ ಇದ್ದದ್ದರಿಂದ ಆದದ್ದಕ್ಕೆ ನಮ್ಮ ಕಡೆ ಬೇರೆ ಹೆಸರುಗಳಿವೆ, ಅವು ಅಷ್ಟು ಗೌರವದವಲ್ಲ.

ಅಂದು ನಾಗವೇಣಿ ಅರ್ಧ ದೋಸೆ ತಿಂದಿದ್ದಳು. ಮರುದಿನವೂ ತಿಂದಳು. ಪಾಪ, ನನ್ನ ಮನಸ್ಸು ನೋಯಬಾರದೆಂದು ತಿನ್ನುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ಸರಿಯಾದ ದೋಸೆ ತಿನ್ನಿಸಿಯೇ ತೀರುತ್ತೇನೆಂದು ಹಟಕ್ಕೆ ಬಿದ್ದೆ. ಮಧ್ಯಾಹ್ನ ಅವಳು ಮಲಗಿದಾಗ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಕೆಟ್ಟವನ್ನೆಲ್ಲ ನಾನೇ ತಿಂದು, ದೋಸೆಗೆ ಬರದ ದುಂಡು ನನ್ನ ಹೊಟ್ಟೆಗೆ ಬಂತು. ಕೊನೆಗೊಂದು ದಿನ ಅಪ್ಪನ ಕೈ ನನ್ನ ಕೈಯೊಳಗೆ ಬಂದಂತಾಗಿ ಸೌಟು ತಾನಾಗಿ ತಿರುಗಿತು. ಕೈವಾರವಿಟ್ಟು ಗೀಚಿದಂಥ ದೋಸೆ. ನೋಡುತ್ತ ನಿಂತವನಿಗೆ ಕಣ್ಣು ತುಂಬಿತು.

ನಾಗವೇಣಿ ಅದನ್ನು ನೋಡಿ ತಟ್ಟೆ ಸರಿಸಿದಳು. ಮರುದಿನವೂ ಸರಿಸಿದಳು. ಅದರ ಮರುದಿನ ಬೆರಳಿನಲ್ಲಿ ಮುಟ್ಟಲೂ ಇಲ್ಲ. ನಾನು ಉಪ್ಪು ನೋಡಿದೆ, ಹಿಟ್ಟು ಹುಳಿಯಾಗಿದೆಯೇ ಎಂದು ಮೂಸಿ ನೋಡಿದೆ, ಚಟ್ನಿ ಬದಲಾಯಿಸಿದೆ. ಬಳೆಗಳು ಮತ್ತೆ ಜಾರತೊಡಗಿದಾಗ ಸುಮ್ಮನಿರಲಾಗಲಿಲ್ಲ.

"ಎಂತದು ಮಾರಾಯ್ತಿ, ಎಷ್ಟು ದುಂಡಗೆ ಬಂದಿದೆ ನೋಡು" ಎಂದೆ.

ಅವಳು ದಿಂಬಿಗೆ ಒರಗಿ ದೋಸೆಯನ್ನೇ ನೋಡುತ್ತ ಹೇಳಿದಳು. "ನಾನೆಂತ ಗಿರಾಕಿಯಾ, ಮಾರಾಯ್ರೆ?"

ನಾನು ತಟ್ಟೆ ಎತ್ತಿಕೊಂಡು ಒಳಗೆ ಬಂದೆ. ಕಾವಲಿ ಇನ್ನೂ ಬಿಸಿಯಾಗಿತ್ತು. ಹಿಟ್ಟು ಹುಯ್ದೆ, ಆದರೆ ಕಲಿತ ಕೈ ಬಿಡಬೇಕಲ್ಲ, ಸೌಟು ದುಂಡಗೇ ಹೊರಟಿತು. ಬಲವಂತದಿಂದ ಅದನ್ನು ಪಕ್ಕಕ್ಕೆ ಎಳೆದು ಬಾಲ ಬಿಡಿಸಿದೆ, ನಡುವೆ ಒಂದು ತೂತು ಉಳಿಸಿದೆ, ಏಳಿಸುವಾಗ ಅಂಚು ಹರಿದೆ. ಮೇಘಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ಇಪ್ಪೋ ಸರಿ" ಎಂದಳು, ಈಗ ಸರಿ ಎಂದು. ಹರಿದ ಅಂಚಿನ ಗರಿಗರಿ ತುಂಡನ್ನು ನಾಗವೇಣಿ ಮೊದಲು ಬಾಯಿಗಿಟ್ಟಳು. ಆಮೇಲೆ ಉಳಿದದ್ದನ್ನೂ ತಿಂದಳು. ಬಹಳ ದಿನಗಳ ಮೇಲೆ ಇನ್ನೊಂದು ಹಾಕಿ ಎಂದಳು.

ಈಗ ಅವಳ ಬಳೆಗಳು ಮಣಿಕಟ್ಟಿನಲ್ಲೇ ನಿಲ್ಲುತ್ತವೆ. ಬೆಳಗಿನ ದೋಸೆ ಇಂದಿಗೂ ನನ್ನದೇ. ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಸೌಟು ತಪ್ಪಿ ಒಂದು ದುಂಡು ದೋಸೆ ಆಗಿಬಿಡುತ್ತದೆ. ಅದನ್ನು ಹೊರಗೆ ಕಳಿಸುವುದಿಲ್ಲ, ನಾನೇ ಒಳಗೆ ನಿಂತು ತಿನ್ನುತ್ತೇನೆ.