ಸೌದೆ ರಾಶಿಗೆ ಬಿದ್ದ ಹೊಸ್ತಿಲು

ಎಪ್ಪತ್ತರ ದಶಕದ ಮಾತು. ಸಿಂಗಟಗೆರೆ ಪಕ್ಕದ ಹಳ್ಳಿಯೊಂದರಲ್ಲಿ ಕೆರೆ ಏರಿ ಒಡೆದು ಮನೆಗಳು ಬಿದ್ದಿದ್ದವು. ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ಬಿದ್ದದ್ದನ್ನು ವಿಂಗಡಿಸುವುದು ನನ್ನ ಕೆಲಸ: ಕಲ್ಲು ಏರಿಗೆ, ಮಣ್ಣು ಹೊಲಕ್ಕೆ, ಮುರಿದ ಮರ ಗಂಜಿಕೇಂದ್ರದ ಒಲೆಗೆ. ಬಿದ್ದ ಮನೆಯೊಂದರಿಂದ ದಪ್ಪ ಮರದ ತುಂಡೊಂದನ್ನು ಎತ್ತಿ ಸೌದೆ ರಾಶಿಗೆ ಎಸೆದೆ. ಆ ಮನೆಯ ಹೆಂಗಸು ಓಡಿಬಂದಳು.

“ಅಯ್ಯೋ, ಅದು ಹೊಸ್ತಿಲು ಕಣ್ರೀ! ಒಲೆಗೆ ಹಾಕ್ತಾರಾ?”

“ಮನೇನೇ ಹೋಯ್ತಲ್ಲಮ್ಮಾ, ಹೊಸ್ತಿಲು ಇಟ್ಕಂಡು ಏನ್ಮಾಡ್ತೀಯಾ?” ಎಂದು ರೇಗಿದೆ.

ಅವಳು ಅದನ್ನು ಎಳೆದೊಯ್ದು, ಬಾಗಿಲಿದ್ದ ಜಾಗದಲ್ಲೇ ಇಟ್ಟು, ಕೆಸರು ತೊಳೆದು, ಯಾರಿಂದಲೋ ಅರಿಶಿನ ಕುಂಕುಮ ತಂದು ಹಚ್ಚಿದಳು. ಆಮೇಲೆ ಅದರಾಚೆ ನಿಂತು ನನ್ನನ್ನು ಕರೆದಳು.

“ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ.”

ಗೋಡೆಯಿಲ್ಲ, ಸೂರಿಲ್ಲ. ಆದರೂ ಚಪ್ಪಲಿ ಬಿಟ್ಟು, ಹೊಸ್ತಿಲು ತುಳಿಯದ ಹಾಗೆ ದಾಟಿದೆ. ಒಳಗೂ ಅದೇ ಬಿಸಿಲು.

“ತಂಪಾಗಿದೆ ಕಣಮ್ಮಾ” ಅಂದೆ.